ಮಂಜೇಶ್ವರದ ಗೋವಿಂದ ಪೈ: ನಾವು ಓದಬೇಕಾದ ಪುಸ್ತಕಗಳು

ಒಳ್ಳೆಯ ಪುಸ್ತಕ ಯಾವುದೆಂದು ಕೇಳುವ ಸದಸ್ಯರಿಗೆ ನಾವು ಈ ಬಾರಿ ಗಡಿನಾಡಿನವರೇ ಆದ ಗೋವಿಂದ ಪೈಗಳನ್ನು ನೆನಪಿಸುತ್ತಿದ್ದೇವೆ.

1883ರ ಮಾರ್ಚ್ 23ರಂದು ಹುಟ್ಟಿದ ಪೈಗಳು ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು. ಓದು ಅರ್ಧಕ್ಕೇ ನಿಂತು ಊರಿಗೆ ಮರಳಿದರು. ಮಂಜೇಶ್ವರದ ಮನೆಯಲ್ಲೇ ಪುಸ್ತಕ ಕೂಡಿಸಿ, ದೇಶವಿದೇಶದ ಹಲವು ಭಾಷೆಗಳನ್ನು ಕಲಿತರು. ಮನೆಮಾತು ಕೊಂಕಣಿಯಾದರೂ ಬರೆದದ್ದು ಕನ್ನಡದಲ್ಲಿ. 1911ರಲ್ಲಿ ಆದಿಪ್ರಾಸದ ಕಟ್ಟು ಬಿಟ್ಟು ಕವಿತೆ ಬರೆದರು.

ಅವರ ಬರಹದಲ್ಲಿ ಎಲ್ಲರಿಗೂ ಏನಾದರೂ ಇದೆ. 1930ರ ‘ಗಿಳಿವಿಂಡು’ ಕವನಸಂಕಲನ. ‘ಗೊಲ್ಗೊಥಾ’ ಕ್ರಿಸ್ತನ ಕೊನೆಯ ದಿನದ ಕಾವ್ಯ, ‘ವೈಶಾಖಿ’ ಬುದ್ಧನದು. ‘ಹೆಬ್ಬೆರಳು’ ಏಕಲವ್ಯನ ನಾಟಕ. ಜಪಾನಿನ ನೋ ನಾಟಕಗಳ ಅನುವಾದವಿದೆ, ಇತಿಹಾಸ ಸಂಶೋಧನೆಯ ಲೇಖನಗಳೂ ಇವೆ.

1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕನ್ನಡನಾಡಿಗೆ ಸೇರಬೇಕೆಂಬ ಆಸೆ ಈಡೇರದೆ, 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಅವರ ಹೆಸರಿನ ಸಂಶೋಧನ ಕೇಂದ್ರ ಉಡುಪಿಯಲ್ಲಿದೆ.

ಮೊದಲ ಓದಿಗೆ ‘ಗಿಳಿವಿಂಡು’ ಒಳ್ಳೆಯದು. ‘ಗೊಲ್ಗೊಥಾ’, ‘ವೈಶಾಖಿ’ಗಳ ಭಾಷೆ ಕಠಿಣ, ನಾಲ್ವರು ಕೂಡಿ ಓದಿದರೆ ಹಗುರಾಗುತ್ತದೆ. ಕನ್ನಡ ಶಾಲೆ ದೂರವಿರುವ ಊರುಗಳ ಸದಸ್ಯರು ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬೇಕೆಂದು ಕೋರುತ್ತೇವೆ.