ಲಾಪ್ಲಾಸ್: ಗಗನದ ಗಣಿತ, ಗುರುವಿನ ಔದಾರ್ಯ

ಇಂಜಿನಿಯರಿಂಗ್ ಓದಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಲಾಪ್ಲಾಸ್ ಎಂಬುದು ಸಮೀಕರಣವೊಂದಕ್ಕೆ ಅಂಟಿಕೊಂಡ ಹೆಸರು. ಆ ಹೆಸರಿನ ಹಿಂದಿರುವ ಬಾಳನ್ನು ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ಸ್ಮರಿಸುವುದು ಉಚಿತವೇ ಸರಿ. ಏಕೆಂದರೆ ಅದು ಅಧ್ಯಾಪಕರಿಂದ ಆರಂಭವಾಗಿ ಶಿಷ್ಯರಲ್ಲಿ ಮುಂದುವರಿದ ಬಾಳು.

ಪಿಯರ್ ಸೈಮನ್ ಲಾಪ್ಲಾಸ್ 1749ರ ಮಾರ್ಚ್ 23ರಂದು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಸಣ್ಣ ಊರೊಂದರಲ್ಲಿ ಜನಿಸಿದನು. ಮಗ ಪಾದ್ರಿಯಾಗಲೆಂಬುದು ತಂದೆಯ ಬಯಕೆ. ಧರ್ಮಶಾಸ್ತ್ರ ಕಲಿಯಲೆಂದು ಕಾನ್ ನಗರಕ್ಕೆ ಹೋದ ತರುಣನಲ್ಲಿ ಗಾಬ್ಲೆಡ್ ಮತ್ತು ಲ ಕಾನು ಎಂಬ ಇಬ್ಬರು ಅಧ್ಯಾಪಕರು ಗಣಿತದ ಒಲವನ್ನು ಹುಟ್ಟಿಸಿದರು. ಲ ಕಾನು ಕೊಟ್ಟ ಪರಿಚಯಪತ್ರದೊಡನೆ ಆತ ಪ್ಯಾರಿಸ್ಸಿಗೆ ತೆರಳಿ, ಖ್ಯಾತ ಗಣಿತಜ್ಞ ಡಾಲೆಂಬರನ ಮೆಚ್ಚುಗೆ ಗಳಿಸಿ, ಸೈನಿಕ ಶಾಲೆಯಲ್ಲಿ ಅಧ್ಯಾಪಕನಾದನು. 1773ರಲ್ಲಿ, 24ರ ಹರೆಯದಲ್ಲಿ, ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು.

ಆ ಕಾಲದ ಖಗೋಳಜ್ಞರನ್ನು ಒಂದು ಒಗಟು ಕಾಡುತ್ತಿತ್ತು. ಹಳೆಯ ವೀಕ್ಷಣೆಗಳೊಡನೆ ಹೋಲಿಸಿದಾಗ ಗುರುಗ್ರಹದ ವೇಗ ಹೆಚ್ಚುತ್ತಿರುವಂತೆಯೂ ಶನಿಯದು ಕುಗ್ಗುತ್ತಿರುವಂತೆಯೂ ತೋರುತ್ತಿತ್ತು. ಹೀಗೇ ಸಾಗಿದರೆ ಸೌರವ್ಯೂಹವೇ ಕದಡಿಹೋಗದೆ? ಗುರುವಿನ ಐದು ಪರಿಭ್ರಮಣಗಳ ಕಾಲ ಶನಿಯ ಎರಡು ಪರಿಭ್ರಮಣಗಳ ಕಾಲಕ್ಕೆ ಬಹುಮಟ್ಟಿಗೆ ಸಮ. ಇದರಿಂದ ಅವುಗಳ ಪರಸ್ಪರ ಸೆಳೆತ ನಿಧಾನವಾಗಿ ಕೂಡುತ್ತ ಹೋಗಿ, ಸುಮಾರು 900 ವರ್ಷಗಳ ಆವರ್ತದಲ್ಲಿ ಮತ್ತೆ ಸರಿಹೊಂದುತ್ತದೆ ಎಂದು ಲಾಪ್ಲಾಸ್ 1785ರ ಸುಮಾರಿಗೆ ತೋರಿಸಿಕೊಟ್ಟನು. ಕೇಡೆಂದು ಕಂಡದ್ದು ದೀರ್ಘವಾದೊಂದು ಲಯವಾಗಿತ್ತು.

1799ರಿಂದ 1825ರವರೆಗೆ ಐದು ಸಂಪುಟಗಳಲ್ಲಿ ಬಂದ ಖಗೋಳ ಯಂತ್ರಶಾಸ್ತ್ರದ ಮಹಾಗ್ರಂಥವೂ 1812ರ ಸಂಭವನೀಯತೆಯ ಗ್ರಂಥವೂ ಆತನ ಕೀರ್ತಿಸ್ತಂಭಗಳು. 1796ರಲ್ಲಿ ಆತ ಸಾಮಾನ್ಯ ಓದುಗರಿಗಾಗಿ, ಸೂತ್ರಗಳಿಲ್ಲದೆ, ವಿಶ್ವವ್ಯವಸ್ಥೆಯ ವಿವರಣೆಯನ್ನೂ ಬರೆದನು. ಹತ್ತು ಅಂಕಿಗಳಿಂದ ಎಲ್ಲ ಸಂಖ್ಯೆಗಳನ್ನು ಬರೆಯುವ ಸ್ಥಾನಬೆಲೆಯ ಕ್ರಮ ಭಾರತದ ಕೊಡುಗೆಯೆಂದು ಆ ಕೃತಿಯಲ್ಲಿ ಆತ ಗೌರವದಿಂದ ಸ್ಮರಿಸಿದ್ದಾನೆ. ಮೀಟರ್ ಪದ್ಧತಿಯನ್ನು ರೂಪಿಸಿದವರಲ್ಲಿಯೂ ಆತ ಒಬ್ಬ. ನಮ್ಮ ಮಕ್ಕಳ ಕೈಯ ಅಳತೆಪಟ್ಟಿಗೂ ಆತನಿಗೂ ಅಷ್ಟರಮಟ್ಟಿನ ನಂಟಿದೆ.

ಲಾಪ್ಲಾಸ್ ದೋಷರಹಿತನಾಗಿರಲಿಲ್ಲ. ಇತರರ ಋಣವನ್ನು ಹೇಳುವುದರಲ್ಲಿ ಜಿಪುಣನೆಂಬ ಆಕ್ಷೇಪವಿದೆ. ನೆಪೋಲಿಯನ್ನನಿಂದ ಗೃಹಮಂತ್ರಿ ಪದವಿ ಪಡೆದು ಆರೇ ವಾರಗಳಲ್ಲಿ ಕಳೆದುಕೊಂಡ ಈತ, ಮುಂದೆ ಅದೇ ನೆಪೋಲಿಯನ್ನನನ್ನು ಪದಚ್ಯುತಗೊಳಿಸಲು ಮತವಿತ್ತು, ಮರಳಿ ಬಂದ ಅರಸನಿಂದ ಮಾರ್ಕ್ವಿಸ್ ಬಿರುದು ಪಡೆದನು.

ಆದರೆ ಎಳೆಯ ಪ್ರತಿಭೆಗಳ ಮುಂದೆ ಆತ ಬೇರೆಯೇ ಮನುಷ್ಯ. ತರುಣ ಬಿಯೊ ತನ್ನ ಗಣಿತ ಪ್ರಬಂಧವನ್ನು ಅಕಾಡೆಮಿಯಲ್ಲಿ ಮಂಡಿಸಿ ಪ್ರಶಂಸೆ ಪಡೆದ ಬಳಿಕ, ಲಾಪ್ಲಾಸ್ ಅವನನ್ನು ಮನೆಗೆ ಕರೆದೊಯ್ದು ಹಳದಿಗಟ್ಟಿದ ಹಸ್ತಪ್ರತಿಯೊಂದನ್ನು ತೋರಿಸಿದನು. ಅದೇ ಸಮಸ್ಯೆಯನ್ನು, ಅದೇ ವಿಧಾನದಿಂದ, ತಾನು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರೂ ತರುಣನ ಯಶಸ್ಸಿಗೆ ಕುಂದು ಬಾರದಿರಲೆಂದು ಸಭೆಯಲ್ಲಿ ಮೌನ ವಹಿಸಿದ್ದನು. ಯಾರಿಗೂ ಹೇಳಬಾರದೆಂದೂ ಕೇಳಿಕೊಂಡನು. ಗುರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1850ರಲ್ಲಿ, ಮುದುಕನಾಗಿದ್ದ ಬಿಯೊ ಈ ಗುಟ್ಟನ್ನು ಲೋಕಕ್ಕೆ ತಿಳಿಸಿದನು.

1827ರ ಮಾರ್ಚ್ 5ರಂದು ಲಾಪ್ಲಾಸ್ ನಿಧನನಾದನು. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಆತನದೂ ಒಂದು. ಕಾನ್ ನಗರದ ಆ ಇಬ್ಬರು ಅಧ್ಯಾಪಕರ ಹೆಸರು ಅಲ್ಲಿಲ್ಲ. ನೂರು ವರ್ಷಗಳಿಂದ ಇಲ್ಲಿ ಕಲಿಸಿದ ನಮ್ಮ ಗುರುಗಳನ್ನು ನೆನೆಯುವಾಗ, ಅವರಿಬ್ಬರನ್ನೂ ನಾವು ನೆನೆಯೋಣ.