ಊಟಕ್ಕೆ ಒಲ್ಲೆ ಎಂದ ಆಚಾರ್ಯರು

ನಮ್ಮ ಹಾಸ್ಟೆಲ್ಲಿನಲ್ಲಿ ಮುದಗಲ್ ಕಡೆಯ ಗೆಳೆಯನೊಬ್ಬ ಇದ್ದಾನೆ. ಭಾನುವಾರ ನಾವೆಲ್ಲ ಹತ್ತು ಗಂಟೆವರೆಗೂ ಹೊದ್ದು ಮಲಗಿದ್ರೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಚರ್ಚಿಗೆ ಹೊರಡ್ತಾನೆ. ಬಿಜಾಪುರದ ಸುಲ್ತಾನರ ಕಾಲದಿಂದ ಮುದಗಲ್‌ನಲ್ಲಿ ಕ್ರೈಸ್ತರು ಇದ್ದಾರೆ. ಅವರ ಮನೆಮಾತು, ಹಾಡು, ಪ್ರಾರ್ಥನೆ ಎಲ್ಲ ಕನ್ನಡವೇ. ಮೊದಲ ಸೆಮಿಸ್ಟರಿನಲ್ಲಿ ಎರಡು ಸಬ್ಜೆಕ್ಟು ಹೋಗಿ, ಮನೆಗೂ ಹೇಳಲಾಗದೆ ಕೂತಿದ್ದಾಗ ಅವನನ್ನ ಹಿಡಿದು ನಿಲ್ಲಿಸಿದ್ದು ಆ ಭಾನುವಾರದ ಸಭೆಯಂತೆ. ಅಲ್ಲಿನವರು ಮಾರ್ಕ್ಸ್ ಕೇಳಲಿಲ್ಲ, ಊಟ ಆಯ್ತಾ ಅಂತ ಕೇಳಿದ್ರು, ಅಷ್ಟೇ ಅಂದ. ಆಮೇಲೆ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ನಮ್ಮ ಸೀಮೆಯಲ್ಲಿ ಹಿಂದೆ ಹೀಗೆ ಜನರನ್ನ ಕೂಡಿಸಿಕೊಳ್ಳೋ ಕೂಟ ಬೇರೆ ಯಾವುದಾದ್ರೂ ಇತ್ತಾ ಅಂತ ಅವನೇ ಕೇಳಿದ.

ಇತ್ತು. ಬಹಳ ದೂರವೂ ಹೋಗಬೇಕಾಗಿಲ್ಲ. ರಾಯಚೂರಿನಿಂದ ಸಿಂಧನೂರಿಗೆ ಹೋಗೋ ದಾರಿಯಲ್ಲಿ ಮಾನವಿ ಸಿಗುತ್ತದೆ. ನಮ್ಮಲ್ಲಿ ಎಷ್ಟೋ ಜನ ವಾರಕ್ಕೊಮ್ಮೆ ಆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು ಮುಂದೆ ಹೋಗೋರು. ಅದೇ ಊರಿನ ಜಗನ್ನಾಥದಾಸರ ಕಥೆ ಈ ಸಲ ಬರೀತಿದ್ದೇವೆ. ಕನ್ನಡದ ಕೂಟವೊಂದನ್ನ ಕಂಡು ಮೂಗು ಮುರಿದು, ಕೊನೆಗೆ ಅದೇ ಕೂಟದೊಳಗೆ ಬದುಕು ಕಂಡುಕೊಂಡವರು ಅವರು.

ಹುಟ್ಟಿದ್ದು 1728ರಲ್ಲಿ, ಮಾನವಿ ತಾಲೂಕಿನ ಬ್ಯಾಗವಟ್ಟಿಯಲ್ಲಿ. ಇಟ್ಟ ಹೆಸರು ಶ್ರೀನಿವಾಸ. ತಂದೆ ಊರಿನ ಶಾನುಭೋಗರು, ದೈವಭಕ್ತರು. ಹುಡುಗ ಚುರುಕು. ತುಂಗಭದ್ರೆಯ ಆಚೆ ದಡದ ಮಂತ್ರಾಲಯ ಮಠದಲ್ಲಿ ವರದೇಂದ್ರ ತೀರ್ಥರ ಬಳಿ ಓದಿ ಶ್ರೀನಿವಾಸಾಚಾರ್ಯರಾದ. ವ್ಯಾಕರಣ, ನ್ಯಾಯ, ವೇದಾಂತ ಎಲ್ಲ ಸಂಸ್ಕೃತದಲ್ಲಿ. ವಾದಕ್ಕೆ ಕೂತರೆ ಎದುರಿಗಿದ್ದವರು ಏಳಬೇಕಿತ್ತು ಅನ್ನೋ ಹೆಸರೂ ಬಂತು. ಮಾನವಿಯಲ್ಲಿ ಪಾಠ ಹೇಳುತ್ತ, ಶಿಷ್ಯರ ನಡುವೆ ಇದ್ದರು. ಇಷ್ಟಾದ ಮೇಲೆ ತಾಳ ತಂಬೂರಿ ಹಿಡಿದು ಬೀದಿಯಲ್ಲಿ ಕನ್ನಡದಲ್ಲಿ ಹಾಡೋ ದಾಸರು ಅವರ ಕಣ್ಣಿಗೆ ಹೇಗೆ ಕಂಡಿರಬೇಕು? ಕ್ಯಾಂಪಸ್ಸಿನಲ್ಲಿ ಇಂಗ್ಲಿಷು ಚೆನ್ನಾಗಿ ಬರೋರಿಗೆ ನಮ್ಮ ಕನ್ನಡ ಸಂಘದ ಬೋರ್ಡು ಕಂಡ ಹಾಗೆ ಅಂದುಕೊಳ್ರಿ.

ಆ ಬೀದಿ ಹಾಡಿನವರಿಗೆ ಹಿರಿಯರು ವಿಜಯದಾಸರು. ಅವರೂ ಇದೇ ತಾಲೂಕಿನವರು, ತುಂಗಭದ್ರೆ ದಂಡೆಯ ಚೀಕಲಪರವಿಯಲ್ಲಿ 1682ರಲ್ಲಿ ಹುಟ್ಟಿದವರು. ಕಿತ್ತು ತಿನ್ನೋ ಬಡತನ. ಮನೆ ಬಿಟ್ಟು ಕಾಶಿವರೆಗೂ ಅಲೆದರು. ಪುರಂದರದಾಸರು, ಕನಕದಾಸರು ಹಾಡಿ ಹೋಗಿ ನೂರು ವರ್ಷಕ್ಕೂ ಮೇಲಾಗಿತ್ತು. ದಾಸರ ಪರಂಪರೆ ಬತ್ತಿದ ಹಳ್ಳದ ಹಾಗಿತ್ತು. ಪುರಂದರದಾಸರೇ ಕನಸಿನಲ್ಲಿ ಬಂದು ವಿಜಯದಾಸರಿಗೆ ಅಂಕಿತ ಕೊಟ್ಟರು ಅಂತ ಪರಂಪರೆ ಹೇಳುತ್ತದೆ. ಕನಸಿನ ಮಾತು ಹಾಗಿರಲಿ, ಹಳ್ಳಕ್ಕೆ ಮತ್ತೆ ನೀರು ಬಂದದ್ದು ಮಾತ್ರ ಅವರಿಂದ. ಊರೂರು ಸುತ್ತಿ ಸುಳಾದಿ, ಕೀರ್ತನೆ ಹಾಡಿದರು, ಜನರನ್ನ ಕೂಡಿಸಿದರು.

ಒಮ್ಮೆ ವಿಜಯದಾಸರು ಶಿಷ್ಯರೊಂದಿಗೆ ಮಾನವಿಗೆ ಬಂದರು. ದೇವರ ಪೂಜೆ ಮುಗಿಸಿ ಊಟಕ್ಕೆ ಎಲ್ಲರನ್ನೂ ಕರೆದರು, ಆಚಾರ್ಯರನ್ನೂ ಕರೆದರು. ಆಚಾರ್ಯರಿಗೆ ಆ ಪಂಕ್ತಿಯಲ್ಲಿ ಕೂರೋದು ಇಷ್ಟವಿರಲಿಲ್ಲ. ದಾಸರ ಪೂಜೆ ಮುಗಿಯೋವರೆಗೆ ಹಸಿದು ಕೂರೋಕೆ ಆಗೋದಿಲ್ಲ, ಹೊಟ್ಟೆನೋವು ಬರುತ್ತದೆ ಅಂತ ಏನೋ ನೆಪ ಹೇಳಿ ತಪ್ಪಿಸಿಕೊಂಡರು. ಶಾಪ ಹಾಕಿದರು, ಗದರಿದರು ಅಂತೆಲ್ಲ ನಂತರದವರು ಕಥೆ ಬೆಳೆಸಿದ್ದಾರೆ. ನಮಗೆ ಅದು ಬೇಕಾಗಿಲ್ಲ. ಹೊಟ್ಟೆನೋವು ಅಂತ ಸುಳ್ಳು ಹೇಳಿದವರಿಗೆ ಸ್ವಲ್ಪ ದಿನದಲ್ಲೇ ನಿಜವಾದ ಹೊಟ್ಟೆನೋವು ಬಂತು ಅನ್ನೋದಷ್ಟೇ ಎಲ್ಲ ಕಥೆಗಳಲ್ಲೂ ಒಂದೇ.

ಅನ್ನ ಒಳಗೆ ಇಳಿಯದ ರೋಗ. ಕೆಲವರು ಉದರಶೂಲೆ ಅಂತಾರೆ, ಕೆಲವರು ಕ್ಷಯ ಅಂತಾರೆ. ಔಷಧ ಆಯ್ತು, ಸೇವೆ ಆಯ್ತು. ತಿರುಪತಿ, ಘಟಿಕಾಚಲ ಅಂತ ಕ್ಷೇತ್ರ ಸುತ್ತಿ ಕೊನೆಗೆ ಓದಿದ ಜಾಗವಾದ ಮಂತ್ರಾಲಯಕ್ಕೇ ಬಂದು ರಾಯರ ವೃಂದಾವನದ ಮುಂದೆ ಬಿದ್ದುಕೊಂಡರು. ಅಲ್ಲಿ ಸಿಕ್ಕ ಸೂಚನೆ ಕಹಿಯಾಗಿತ್ತು: ಯಾರ ಊಟ ಬೇಡ ಅಂದೆಯೋ ಅವರ ಬಳಿಗೇ ಹೋಗು. ಇಲ್ಲಿ ನಮಗೆ ರೋಗಕ್ಕಿಂತ ದೊಡ್ಡದಾಗಿ ಕಾಣೋದು ಆ ನಡಿಗೆ. ಶಿಷ್ಯರ ಮುಂದೆ ದಾಸರನ್ನ ಹೀಗಳೆದ ಪಂಡಿತ, ಎಲುಬು ಕಾಣೋ ಮೈ ಹೊತ್ತು ಅದೇ ದಾಸರ ಬಾಗಿಲಿಗೆ ಹೋಗಿ ನಿಲ್ಲಬೇಕು. ಹೋಗಿ ನಿಂತರು.

ವಿಜಯದಾಸರು ತಾವೇ ಏನೂ ಮಾಡಲಿಲ್ಲ. ತಮ್ಮ ಶಿಷ್ಯ ಗೋಪಾಲದಾಸರ ಬಳಿ ಕಳಿಸಿದರು. ಇಲ್ಲಿ ನಮ್ಮ ಜಿಲ್ಲೆಯ ಇನ್ನೊಂದು ತಾಲೂಕು ಕಥೆಯೊಳಗೆ ಬರುತ್ತದೆ. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು, ಮೊದಲ ಹೆಸರು ಭಾಗಣ್ಣ. ಅವರೂ ಬಡತನ ಉಂಡು ಬೆಳೆದವರು, ಜ್ಯೋತಿಷ್ಯ ಹೇಳಿ ಸಂಸಾರ ಎಳೆದವರು. ಆಚಾರ್ಯರಿಗಿಂತ ವಯಸ್ಸಿನಲ್ಲಿ ಐದಾರು ವರ್ಷ ದೊಡ್ಡವರು ಅಷ್ಟೇ. ಸಂಸ್ಕೃತದ ಓದಿನಲ್ಲಿ ಆಚಾರ್ಯರ ಸಮಕ್ಕೆ ಬರೋರಲ್ಲ. ಆಗ ಅವರಿದ್ದದ್ದು ಉತ್ತನೂರಿನಲ್ಲಿ, ಈಗದು ತೆಲಂಗಾಣದ ಗದ್ವಾಲ ಸೀಮೆ. ದೊಡ್ಡ ಗುರುಗಳು ತಾವೇ ವಾಸಿ ಮಾಡದೆ ಹೀಗೆ ಇನ್ನೊಬ್ಬರ ಕಡೆ ಕಳಿಸಿದ್ದು ಏಕೆ ಅಂತ ನಾವು ತುಂಬ ಚರ್ಚೆ ಮಾಡಿದೆವು. ನಮ್ಮ ಊಹೆ ಇದು: ದೊಡ್ಡವರಿಗೆ ತಲೆ ಬಾಗಿಸೋದು ಸುಲಭ. ಓದಿನಲ್ಲಿ ತನಗಿಂತ ಕಡಿಮೆ ಅನ್ನಿಸಿದವರ ಮುಂದೆ ಕೈ ಚಾಚೋದು ಕಷ್ಟ.

ಗೋಪಾಲದಾಸರು ಕೊಟ್ಟ ಮದ್ದು ಜೋಳದ ರೊಟ್ಟಿ. ಧನ್ವಂತರಿಯನ್ನ ನೆನೆದು, ಹಾಡಿ, ರೊಟ್ಟಿ ತಿನ್ನಿಸಿದರು ಅಂತ ಕಥೆ. ಗಂಜಿ ದಕ್ಕದ ಹೊಟ್ಟೆಗೆ ಜೋಳದ ರೊಟ್ಟಿ! ನಮ್ಮ ಕಡೆಯವರಿಗೆ ಈ ವಿವರ ಕೇಳಿದ ಕೂಡಲೇ ನಗು ಬರುತ್ತದೆ, ಜೊತೆಗೆ ನಂಬಿಕೆಯೂ ಬರುತ್ತದೆ. ಬೇರೆ ಸೀಮೆಯವರು ಕಟ್ಟಿದ ಕಥೆಯಾಗಿದ್ರೆ ಹಾಲೋ ತುಪ್ಪವೋ ಇರ್ತಿತ್ತು.

ಇದರ ಜೊತೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರು ಅಂತಲೂ ಹೇಳ್ತಾರೆ. ನಾವು ಎಂಜಿನಿಯರಿಂಗ್ ಓದೋರು, ಲೆಕ್ಕ ಹಾಕದೆ ಬಿಡ್ತೀವಾ? ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ, 81ರ ವಯಸ್ಸಿಗೆ. 40 ಕಳೆದರೆ 41 ಉಳಿಯುತ್ತದೆ. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ, ಅಂದ್ರೆ ಈ ರೋಗ ಬಂದಾಗ ಆಚಾರ್ಯರಿಗೆ ಹೆಚ್ಚೆಂದರೆ 27. ಸಾಯೋ ಹಾಗಿದ್ದದ್ದು 27ರೊಳಗೆ, ಆಯುಷ್ಯದ ಗಡಿ 41ಕ್ಕೆ, ಲೆಕ್ಕ ಕೂಡೋದಿಲ್ಲ. ಕೂಡಬೇಕಾಗಿಯೂ ಇಲ್ಲ. ಗೋಪಾಲದಾಸರು ಶಿಷ್ಯನಿಗಿಂತ ಎಷ್ಟೋ ದಶಕ ಮೊದಲೇ ತೀರಿಹೋದರು, ಶಿಷ್ಯ ತುಂಬ ವರ್ಷ ಬಾಳಿದರು. ಉಳಿದವರಿಗೆ ಹೋದವರ ಆಯುಷ್ಯವೇ ತಮಗೆ ಬಂದಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆಚಾರ್ಯರು ವಾಸಿಯಾದರು, ಹಳೇ ಗತ್ತು ವಾಸಿಯಾಗದ ಹಾಗೆ ಹೋಯಿತು. ಪಂಢರಾಪುರದ ಚಂದ್ರಭಾಗಾ ನದಿಯಲ್ಲಿ ಮಿಂದಾಗ ಜಗನ್ನಾಥ ವಿಠಲ ಅನ್ನೋ ಅಂಕಿತ ಸಿಕ್ಕಿತು ಅಂತ ಸಂಪ್ರದಾಯ. ಅಂಕಿತ ಅಂದ್ರೆ ಹಾಡಿನ ಕೊನೆಗೆ ಬರೋ ದೇವರ ಹೆಸರಷ್ಟೇ ಅಲ್ಲ. ಅದು ಕೂಟದೊಳಗೆ ಹೆಸರು ಹಚ್ಚಿದ ಹಾಗೆ. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ ಅಂತ ಸಾಲಾಗಿ ಹೇಳಿ ನೋಡಿ, ಯಾರು ಯಾರ ಹಿಂದೆ ಕೂತಿದ್ದಾರೆ ಅಂತ ತಿಳಿಯುತ್ತದೆ. ನಮ್ಮ ಮುದಗಲ್ ಗೆಳೆಯ ಇದನ್ನ ಕೇಳಿ, ದೀಕ್ಷಾಸ್ನಾನದಲ್ಲಿ ತಮಗೂ ಹೆಸರು ಇಡ್ತಾರೆ, ಅದೂ ನೀರಿನಲ್ಲೇ ಅಂದ. ಹೋಲಿಕೆ ಎಷ್ಟು ದೂರ ನಡೆಯುತ್ತದೋ ಗೊತ್ತಿಲ್ಲ, ಕೇಳೋಕೆ ಚೆನ್ನಾಗಿತ್ತು.

ಆದ್ರೆ ಈ ಕೂಟ ಎಲ್ಲರಿಗೂ ಬಾಗಿಲು ತೆರೆದಿತ್ತು ಅಂತ ಬರೆದರೆ ಸುಳ್ಳು ಬರೆದ ಹಾಗೆ. ಆ ಕಾಲದ ದಾಸರಲ್ಲಿ ಬಹುತೇಕರು ಮಾಧ್ವ ಬ್ರಾಹ್ಮಣರು. ಆಚಾರ್ಯರು ಒಲ್ಲೆ ಅಂದ ಊಟದ ಪಂಕ್ತಿಗೆ ಕರೆಯೇ ಬಾರದ ಜನ ಮಾನವಿಯಲ್ಲಿ ಸಾಕಷ್ಟು ಇದ್ದಿರಬೇಕು. ಹೆಣ್ಣುಮಕ್ಕಳಿಗೆ ಸ್ವಲ್ಪ ಜಾಗ ಸಿಕ್ಕಿತು: ಹೆಳವನಕಟ್ಟೆ ಗಿರಿಯಮ್ಮನಿಗೆ ಅಂಕಿತ ಕೊಟ್ಟದ್ದು ಇದೇ ಗೋಪಾಲದಾಸರು ಅಂತಾರೆ. ಪಂಕ್ತಿ ದಾಟದ ಗೆರೆಯನ್ನ ಹಾಡು ದಾಟಿತು. ಕನ್ನಡದಲ್ಲಿ ಇದ್ದದ್ದರಿಂದ ಅದನ್ನ ಯಾರೂ ಕೇಳಬಹುದಿತ್ತು, ಕೇಳಿ ಒಯ್ಯಬಹುದಿತ್ತು.

ಸಂಸ್ಕೃತದ ಪಂಡಿತರು ಆಮೇಲೆ ಬರೆದದ್ದೆಲ್ಲ ಬಹುಪಾಲು ಕನ್ನಡವೇ. ಕೀರ್ತನೆಗಳು, ತ್ರಿಪದಿಯಲ್ಲಿ ತತ್ತ್ವಸುವ್ವಾಲಿ, ಎಲ್ಲಕ್ಕಿಂತ ದೊಡ್ಡದಾಗಿ ಹರಿಕಥಾಮೃತಸಾರ. 32 ಸಂಧಿ, ಭಾಮಿನಿ ಷಟ್ಪದಿ. ಕುಮಾರವ್ಯಾಸನ ಛಂದಸ್ಸು, ಪದ್ಯವೊಂದಕ್ಕೆ 102 ಮಾತ್ರೆ. ಯುದ್ಧ ಹೇಳೋಕೆ ಹೇಳಿ ಮಾಡಿಸಿದ ಆ ಓಟದೊಳಗೆ ಇವರು ದ್ವೈತ ವೇದಾಂತ ತುಂಬಿದರು. ಓದೋಕೆ ಸುಲಭವಲ್ಲ; ನಮ್ಮ ಓದು ಎರಡು ಸಂಧಿಗೇ ಸುಸ್ತಾಗಿ ನಿಂತಿತು, ಆಮೇಲೆ ಅರ್ಥ ಬರೆದಿದ್ದ ಪುಸ್ತಕ ಹಿಡಿದು ಮುಂದೆ ಹೋದೆವು. ಯಾವ ಜೀವ ಮೇಲು, ಯಾವುದು ಕೆಳಗೆ ಅಂತ ತಾರತಮ್ಯ ಹೇಳೋ ಸಂಧಿಗಳು ನಮ್ಮ ಗಂಟಲಲ್ಲಿ ಇಳಿಯೋದಿಲ್ಲ, ಅದನ್ನೂ ಹೇಳಿಬಿಡಬೇಕು. ಶ್ವಾಸಸಂಧಿ ಮಾತ್ರ ಎಲ್ಲರಿಗೂ ಹಿಡಿಸಿತು. ಮನುಷ್ಯ ದಿನಕ್ಕೆ 21,600 ಸಲ ಉಸಿರಾಡ್ತಾನೆ, ಒಂದೊಂದೂ ಜಪವೇ ಅನ್ನೋ ವಿಚಾರ ಅಲ್ಲಿದೆ. ಭಾಗಿಸಿ ನೋಡಿ, ನಿಮಿಷಕ್ಕೆ ಸರಿಯಾಗಿ 15 ಬರುತ್ತದೆ. ಸುಮ್ಮನೆ ಕೂತ ಮನುಷ್ಯನ ಉಸಿರು ನಿಮಿಷಕ್ಕೆ 12ರಿಂದ 20 ಅಂತ ಡಾಕ್ಟರುಗಳು ಹೇಳೋದು. ಸಂಖ್ಯೆ ಅವರಿಗಿಂತ ಹಳೆಯದು, ಆದ್ರೂ ಅದನ್ನ ಕನ್ನಡದ ಹಾಡಿಗೆ ತಂದದ್ದು ಸಣ್ಣ ಕೆಲಸವಲ್ಲ.

ನಮ್ಮನ್ನ ತಡೆದು ನಿಲ್ಲಿಸಿದ್ದು ಇನ್ನೊಂದು ಸಂಧಿ, ಭೋಜನ ರಸವಿಭಾಗ. ಅದಿರೋದು ಪೂರಾ ಊಟದ ಬಗ್ಗೆ. ಬಡಿಸಿದ ಒಂದೊಂದು ಪದಾರ್ಥದಲ್ಲೂ ದೇವರ ಯಾವ ರೂಪ ಇದೆ, ಉಣ್ಣೋನೊಳಗೆ ಕೂತು ನಿಜವಾಗಿ ಉಣ್ಣೋನು ಯಾರು ಅಂತ ತಟ್ಟೆಯ ಮುಂದೆ ಕೂರಿಸಿ ಹೇಳಿಕೊಡ್ತಾರೆ. ವಿಜಯದಾಸರ ಊಟಕ್ಕೆ ನೆಪ ಹೇಳಿ, ತುತ್ತು ಅನ್ನಕ್ಕೆ ಪರದಾಡಿ, ಕೊನೆಗೆ ರೊಟ್ಟಿಯಿಂದ ಬದುಕಿದವರ ಕೈಯಿಂದ ಬಂದದ್ದು ಅದು. ಆ ಸಂಧಿಯಲ್ಲಿ ತಮ್ಮ ಕಥೆ ಅವರು ಎಲ್ಲೂ ಎತ್ತಿಲ್ಲ.

ಸನ್ಯಾಸ ತಗೊಳ್ಳಲಿಲ್ಲ, ಮಠ ಕಟ್ಟಲಿಲ್ಲ. ಮಾನವಿಯ ಮನೆಯಲ್ಲೇ ಇದ್ದರು, ಬಂದವರಿಗೆ ಪಾಠ ಹೇಳಿದರು. ಲಿಂಗಸುಗೂರಿನ ಪ್ರಾಣೇಶದಾಸರು ಅವರ ಕೈಯಲ್ಲಿ ಬೆಳೆದರು, ಹಾವೇರಿ ಕಡೆಯ ಕರ್ಜಗಿ ದಾಸಪ್ಪನೂ ಬಂದ. ಹರಿಕಥಾಮೃತಸಾರವನ್ನ ಮನೆಗಳಲ್ಲಿ ಪಾರಾಯಣ ಮಾಡುವಾಗ ಕೊನೆಗೆ ಒಂದು ಫಲಶ್ರುತಿ ಸಂಧಿ ಹೇಳ್ತಾರೆ. ಅದು ಜಗನ್ನಾಥದಾಸರದಲ್ಲ, ಶ್ರೀದವಿಠಲ ಅಂಕಿತದ ಕರ್ಜಗಿ ದಾಸಪ್ಪನದು. ಹೀಗಾಗಿ ಗುರುವಿನ ಪುಸ್ತಕ ಮುಗಿಯೋದು ಶಿಷ್ಯನ ಅಂಕಿತದಲ್ಲಿ.

ಮಾನವಿಯಲ್ಲಿ ಅವರಿದ್ದ ಜಾಗ ಈಗ ದಾಸರ ಸನ್ನಿಧಿ. ಅಲ್ಲೊಂದು ಮರದ ಕಂಬ ಇದೆ, ದಾಸರು ಅದರಲ್ಲೇ ಇದ್ದಾರೆ ಅನ್ನೋ ನಂಬಿಕೆಯಿಂದ ಅದಕ್ಕೇ ಪೂಜೆ. ಮುಂದಿನ ಸಲ ಊರಿಗೆ ಹೋಗುವಾಗ ಒಂದು ಬಸ್ಸು ಬಿಟ್ಟು ಇಳಿದು ನೋಡಿ ಬರೋದು ಅಂತ ನಾವು ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಮುದಗಲ್ ಗೆಳೆಯನೂ ಬರ್ತೀನಿ ಅಂದಿದ್ದಾನೆ, ಭಾನುವಾರ ಬಿಟ್ಟು ಯಾವ ದಿನ ಆದ್ರೂ ಸರಿಯಂತೆ.