ಕೋಲು ಮಾಡಿದ ಬಡಿಗ: ಜಾರ್ಜ್ ಬಲಬುಷ್ಕಾ

ನಮ್ಮೂರು ಕುಮಾರಪಟ್ಟಣ. ನೀಲಗಿರಿ ಮರ ತುಂಬಿದ ಲಾರಿಗಳನ್ನ ನೋಡ್ತಾನೇ ಬೆಳೆದಿದ್ದು ನಾನು. ಊರಿನ ಫ್ಯಾಕ್ಟರಿಯಲ್ಲಿ ಆ ಮರ ಪಲ್ಪ್ ಆಗುತ್ತೆ, ಪಲ್ಪ್‌ನಿಂದ ಬಟ್ಟೆಯ ನಾರು. ಅಲ್ಲಿ ಮರಕ್ಕೆ ಟನ್ ಲೆಕ್ಕ. ಹಾಗಾಗಿ ಅರ್ಧ ಕೇಜಿ ಚಿಲ್ಲರೆ ತೂಗುವ ಒಂದು ಮರದ ಕೋಲಿಗೆ ಜನ ಸಾವಿರಾರು ಡಾಲರ್ ಕೊಡ್ತಾರೆ ಅಂತ ಗೊತ್ತಾದಾಗ ನಂಬೋಕೆ ಆಗಲಿಲ್ಲ. ಅದು ಪೂಲ್ ಆಡುವ ಕ್ಯೂ. ಮಾಡಿದವರು ಜಾರ್ಜ್ ಬಲಬುಷ್ಕಾ.

ಅವರು ಹುಟ್ಟಿದ್ದು ರಷ್ಯಾದಲ್ಲಿ, 1912ರ ಡಿಸೆಂಬರ್ 9ರಂದು. ಆಗಿನ ಹೆಸರು ಗ್ರಿಗೋರಿ. 1924ರಲ್ಲಿ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದರು, ಅಲ್ಲಿ ಜಾರ್ಜ್ ಆದರು. ಆಟಿಕೆ ಮತ್ತು ಫರ್ನಿಚರ್ ಕಂಪನಿಗಳಲ್ಲಿ ಮರಗೆಲಸ ಮಾಡಿಕೊಂಡಿದ್ದರು. ಒಮ್ಮೆ ಬ್ಯಾಂಡ್‌ಸಾಗೆ ಸಿಕ್ಕಿ ಬೆರಳು ಹೋಯ್ತು. ನಿಜವಾದ ಬೆರಳಿನ ಹಾಗೇ ಕಾಣುವ ಮರದ ಬೆರಳೊಂದನ್ನ ತಾವೇ ಮಾಡಿಕೊಂಡರು. ಕೈಕೆಲಸ ಎಂಥದ್ದು ಅಂತ ಇದರಲ್ಲೇ ಗೊತ್ತಾಗುತ್ತೆ.

1959ರಲ್ಲಿ, ನಲವತ್ತಾರು ದಾಟಿದ ಮೇಲೆ, ಪಾಲುದಾರರೊಬ್ಬರ ಜೊತೆ ಒಂದು ಪೂಲ್ ರೂಮ್ ಕೊಂಡರು. ಹಳೇ ಕ್ಯೂಗಳನ್ನ ರಿಪೇರಿ ಮಾಡೋಕೆ ಶುರು ಮಾಡಿದರು. ಆ ಕ್ರಿಸ್‌ಮಸ್‌ಗೆ ಸ್ನೇಹಿತರಿಗೆ ಉಡುಗೊರೆ ಕೊಡೋಕೆ ಅಂತ ಕೆಲವು ಹೊಸ ಕ್ಯೂ ಮಾಡಿದರು. ನೋಡಿದವರೆಲ್ಲ ನಮಗೂ ಬೇಕು ಅಂದರು. ಕೊನೆಗೆ ಅದೇ ಪೂರ್ತಿ ಹೊತ್ತಿನ ಕೆಲಸ ಆಯ್ತು.

ಇಲ್ಲೊಂದು ವಿಷಯ ನನಗೆ ಆಶ್ಚರ್ಯ ತಂತು. ಕ್ಯೂನ ಹಿಡಿಕೆ ಭಾಗದಲ್ಲಿ ಮೇಪಲ್ ಮತ್ತು ಬೀಟೆಯಂಥ ಗಟ್ಟಿ ಮರಗಳನ್ನ ಎರಡು ಕೈಗಳ ಬೆರಳು ಹೆಣೆದ ಹಾಗೆ ಚೂಪಾಗಿ ಕತ್ತರಿಸಿ ಜೋಡಿಸಿರ್ತಾರೆ. ಈ ಜೋಡಣೆಯನ್ನ ಬಲಬುಷ್ಕಾ ಹೆಚ್ಚಾಗಿ ತಾವು ಮಾಡ್ತಿರಲಿಲ್ಲ. ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಬ್ಲ್ಯಾಂಕ್ ತರಿಸ್ತಿದ್ದರು. ಆಮೇಲೆ ಬರ್ಟನ್ ಸ್ಪೇನ್, ಗಸ್ ಜಾಂಬೋಟಿ ಮಾಡಿದ ಬ್ಲ್ಯಾಂಕ್‌ಗಳನ್ನೂ ಬಳಸಿದರು. ಮಿನಿ ಪ್ರಾಜೆಕ್ಟ್‌ಗೆ ರೆಡಿಮೇಡ್ ಬೋರ್ಡ್ ತಂದವರನ್ನ ನಾವು ಚೀಟಿಂಗ್ ಅಂತ ರೇಗಿಸ್ತೀವಲ್ಲ! ಹಾಗಾದ್ರೆ ಇದರಲ್ಲಿ ಅವರದ್ದೇನು?

ಅವರದ್ದು ಉಳಿದದ್ದೆಲ್ಲ. ಮರ ಗಾಳಿಯ ತೇವ ಹೀರುತ್ತೆ, ಬಿಡುತ್ತೆ. ಲೇತ್ ಮೇಲೆ ಕತ್ತರಿಸಿದಾಗ ಒಳಗಿದ್ದ ಸ್ಟ್ರೆಸ್ ಬಿಡುಗಡೆಯಾಗಿ ಡೊಂಕಾಗುತ್ತೆ. ಅದಕ್ಕೇ ಒಳ್ಳೇ ಕ್ಯೂ ಮಾಡುವವರು ಒಂದೇ ಸಲಕ್ಕೆ ಅಳತೆಗೆ ಇಳಿಸಲ್ಲ. ಸ್ವಲ್ಪ ಕತ್ತರಿಸಿ, ಕೆಲವು ದಿನ ಬಿಟ್ಟು, ಮತ್ತೆ ಸ್ವಲ್ಪ. ನಡುವೆ ಬಾಗಿದ್ದನ್ನ ಪಕ್ಕಕ್ಕಿಡ್ತಾರೆ. ಎಳೆ ನೇರ ಇರೋ ಮೇಪಲ್ ಆರಿಸೋದೇ ಒಂದು ಕೆಲಸ. ಆಮೇಲೆ ಕ್ಯೂನ ಎರಡು ತುಂಡು ಸೇರುವ ಜಾಗ. ಸ್ಕ್ರೂ ತಿರುಗಿಸಿದಾಗ ಎರಡೂ ಮುಖ ಸಂದಿಲ್ಲದೆ ಕೂರಬೇಕು. ತೂಕ, ಬ್ಯಾಲೆನ್ಸ್ ಆಡುವವರ ಕೈಗೆ ಒಗ್ಗಬೇಕು. ಬೆವರಿದರೂ ಜಾರದ ಹಾಗೆ ಹಿಡಿಕೆಗೆ ಲಿನನ್ ದಾರ ಬಿಗಿಯಾಗಿ ಸುತ್ತಬೇಕು. ಇಷ್ಟೆಲ್ಲ ಸರಿ ಇದ್ದರೆ ಚೆಂಡಿಗೆ ತಾಗಿದ ಏಟು ಕೈಗೆ ಸ್ಪಷ್ಟವಾಗಿ ಬರುತ್ತೆ. ಆಟಗಾರರು ಅದನ್ನ ಹಿಟ್ ಅಂತಾರೆ. ಅವರಿಗೆ ಬೇಕಾಗಿದ್ದು ಅದು. ಮುತ್ತಿನ ಚಿಪ್ಪಿನ ಅಲಂಕಾರ ಆಮೇಲಿನ ಮಾತು. ಬಲಬುಷ್ಕಾ ಅವರ ಮೊದಮೊದಲ ಕ್ಯೂಗಳು ತುಂಬಾ ಸರಳವಾಗಿದ್ದವು.

1975ರಲ್ಲಿ ಅವರು ತೀರಿಕೊಂಡರು. ಹದಿನಾರು ವರ್ಷದಲ್ಲಿ ಮಾಡಿದ್ದು ಅಂದಾಜು 1,000ದಿಂದ 1,200 ಕ್ಯೂ ಅಷ್ಟೇ. 1986ರಲ್ಲಿ ದಿ ಕಲರ್ ಆಫ್ ಮನಿ ಸಿನಿಮಾ ಬಂದು, ಪೂಲ್ ಆಡದವರಿಗೂ ಅವರ ಹೆಸರು ಗೊತ್ತಾಯ್ತು. ತಮಾಷೆ ಅಂದ್ರೆ ಅದರಲ್ಲಿ ಬಲಬುಷ್ಕಾ ಅಂತ ತೋರಿಸಿದ್ದು ಅದೇ ಥರ ಕಾಣುವ ಜಾಸ್ ಕಂಪನಿಯ ಕ್ಯೂ. 1990ರ ದಶಕದಲ್ಲಿ ಅಸಲಿ ಕ್ಯೂಗಳು ಹತ್ತಾರು ಸಾವಿರ ಡಾಲರ್‌ವರೆಗೂ ಹೋದವು. 2004ರಲ್ಲಿ ಬಿಲಿಯರ್ಡ್ ಕಾಂಗ್ರೆಸ್ ಆಫ್ ಅಮೆರಿಕದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಈ ದುಡ್ಡು, ಈ ಗೌರವ ಯಾವುದನ್ನೂ ಅವರು ನೋಡಲಿಲ್ಲ.

ಹೋದ ವಾರ ಮಷಿನ್ ಶಾಪ್ ಲ್ಯಾಬಲ್ಲಿ ಬೇಗ ಮುಗಿಸಿ ಕ್ಯಾಂಟೀನ್‌ಗೆ ಓಡೋಣ ಅಂತ ಒಂದೇ ಸಲಕ್ಕೆ ಜಾಸ್ತಿ ಕಟ್ ಕೊಟ್ಟೆ. ಜಾಬ್ ಅಳತೆಗಿಂತ ಸಣ್ಣದಾಯ್ತು, ಮತ್ತೆ ಮೊದಲಿಂದ ಮಾಡಬೇಕಾಯ್ತು. ಎರಡನೇ ಸಲ ಕ್ಯಾಂಟೀನ್ ಮುಚ್ಚೋವರೆಗೂ ಲೇತ್ ಹತ್ರಾನೇ ನಿಂತಿದ್ದೆ.